ಸರ್ವರ್ ಸಮೂಹದಲ್ಲಿ ಸರ್ವರ್ ಸೇರ್ಪಡೆ ಹಾಗೂ ಬದಲಾವಣೆ – ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಗಣಕೀಕೃತ ಸೇವೆಯ ದತ್ತಾಂಶವನ್ನು ಒಂದೇ ಸರ್ವರ್‌ನಲ್ಲಿ ಇರಿಸಿದಲ್ಲಿ, ಆ ಯಂತ್ರವು ಕೆಟ್ಟಾಗ ಸೇವೆಯು ಸಂಪೂರ್ಣವಾಗಿ ಸ್ಥಗಿತಗೊಳ್ಳುತ್ತದೆ. 2000ರ ದಶಕದಲ್ಲಿ, ‘ಭೂಮಿ’ ಯೋಜನೆಯ ಆರಂಭದ ವರ್ಷಗಳಲ್ಲಿ, ಪಹಣಿ ದತ್ತಾಂಶವನ್ನು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರಿಸಲಾಗುತ್ತಿತ್ತು. ಒಂದು ಯಂತ್ರದ ದೋಷದಿಂದ ಸೇವೆ ನಿಲ್ಲದಂತೆ ಹಲವು ಸರ್ವರ್‌ಗಳನ್ನು ಜೋಡಿಸಿ, ಒಂದೇ ದಾಖಲೆಯ ಪ್ರತಿಯನ್ನು ಎಲ್ಲದರಲ್ಲಿಯೂ ಇರಿಸುವ ವ್ಯವಸ್ಥೆಗೆ ಸರ್ವರ್ ಸಮೂಹ (ಕ್ಲಸ್ಟರ್) ಎಂದು ಹೆಸರು.

ಬಹುಮತದ ನಿಯಮ

ಬಹುಮತದ ಆಧಾರದ ಮೇಲೆ ನಡೆಯುವ ಸಮೂಹದಲ್ಲಿ, ಅರ್ಧಕ್ಕಿಂತ ಹೆಚ್ಚು ಸರ್ವರ್‌ಗಳಲ್ಲಿ ನಮೂದಾದ ದಾಖಲೆಯು ಮಾತ್ರ ಅಂಗೀಕೃತವಾಗುತ್ತದೆ. ಸಂಪರ್ಕ ಕಡಿದು ಸಮೂಹವು ಎರಡು ಭಾಗವಾದಾಗ, ಒಂದೇ ಅರ್ಜಿಗೆ ಎರಡು ಭಿನ್ನ ದಾಖಲೆಗಳು ಸೃಷ್ಟಿಯಾಗದಂತೆ ಈ ನಿಯಮವು ತಡೆಯುತ್ತದೆ.

• 3 ಸರ್ವರ್‌ಗಳು: ಬಹುಮತ 2; 1 ಕೆಟ್ಟರೂ ಸೇವೆ ಲಭ್ಯ.
• 4 ಸರ್ವರ್‌ಗಳು: ಬಹುಮತ 3, 1 ಕೆಟ್ಟರೂ ಸೇವೆ ಲಭ್ಯ.
• 5 ಸರ್ವರ್‌ಗಳು: ಬಹುಮತ 3, 2 ಕೆಟ್ಟರೂ ಸೇವೆ ಲಭ್ಯ.

ಆದ್ದರಿಂದ ಇಂತಹ ಸಮೂಹಗಳಲ್ಲಿ ಸಾಮಾನ್ಯವಾಗಿ ಬೆಸ ಸಂಖ್ಯೆಯ ಸರ್ವರ್‌ಗಳನ್ನು ಅಳವಡಿಸಲಾಗುತ್ತದೆ.

ಬದಲಾವಣೆಯ ಕ್ರಮ

ಕೆಟ್ಟ ಸರ್ವರನ್ನು ಈ ಕೆಳಕಂಡ ಕ್ರಮದಲ್ಲಿ ಬದಲಾಯಿಸಲಾಗುತ್ತದೆ:

1. ದತ್ತಾಂಶದ ಬ್ಯಾಕಪ್ ಪ್ರತಿಯನ್ನು ಪಡೆಯುವುದು.
2. ಕೆಟ್ಟ ಸರ್ವರನ್ನು ಸದಸ್ಯರ ಪಟ್ಟಿಯಿಂದ ಮೊದಲು ತೆಗೆಯುವುದು. 3 ಸರ್ವರ್‌ಗಳ ಪೈಕಿ 1 ಕೆಟ್ಟಿರುವಾಗ, ಅದನ್ನು ತೆಗೆಯದೆ ಹೊಸದನ್ನು ಸೇರಿಸಿದಲ್ಲಿ ಸದಸ್ಯರ ಸಂಖ್ಯೆ 4 ಹಾಗೂ ಬಹುಮತ 3 ಆಗುತ್ತದೆ. ಹೊಸ ಸರ್ವರ್ ಚಾಲನೆಗೆ ಬಾರದಿದ್ದಲ್ಲಿ, ಉಳಿದ 2 ಸರ್ವರ್‌ಗಳು ಸುಸ್ಥಿತಿಯಲ್ಲಿದ್ದರೂ ಸೇವೆಯು ನಿಲ್ಲುತ್ತದೆ.
3. ಹೊಸ ಸರ್ವರನ್ನು ಖಾಲಿ ಡಿಸ್ಕ್‌ನೊಂದಿಗೆ, ಹೊಸ ಸದಸ್ಯನಾಗಿ ಸೇರಿಸುವುದು.
4. ಇತರ ಸರ್ವರ್‌ಗಳಿಂದ ದತ್ತಾಂಶವು ಪೂರ್ಣವಾಗಿ ನಕಲಾದ ನಂತರವೇ ಅದಕ್ಕೆ ಸಾರ್ವಜನಿಕರ ಕೋರಿಕೆಗಳನ್ನು ಕಳುಹಿಸುವುದು.
5. ಹಲವು ಸರ್ವರ್‌ಗಳನ್ನು ಬದಲಾಯಿಸಬೇಕಾದಲ್ಲಿ ಒಂದಾದ ಮೇಲೊಂದರಂತೆ ಬದಲಾಯಿಸುವುದು.

ಅರ್ಜಿದಾರರ ಗಮನಕ್ಕೆ

ದತ್ತಾಂಶವು ನಕಲಾಗುವ ಅವಧಿಯಲ್ಲಿ ಸೇವೆಯು ನಿಧಾನವಾಗಬಹುದು. ದಾಖಲೆಯು ಅಂಗೀಕೃತವಾದ ನಂತರವೇ ಸ್ವೀಕೃತಿ ಸಂಖ್ಯೆ ನೀಡುವ ವ್ಯವಸ್ಥೆಯಲ್ಲಿ, ಆ ಸಂಖ್ಯೆಯನ್ನು ಪಡೆದ ಅರ್ಜಿಯು ಒಂದು ಸರ್ವರ್ ಕೆಟ್ಟ ಮಾತ್ರಕ್ಕೆ ಅಳಿಸಿಹೋಗುವುದಿಲ್ಲ. ಅದೇ ಅರ್ಜಿಯನ್ನು ಮತ್ತೊಮ್ಮೆ ಸಲ್ಲಿಸುವ ಅಗತ್ಯವಿರುವುದಿಲ್ಲ.

• ಸ್ವೀಕೃತಿ ಸಂಖ್ಯೆಯನ್ನು, ಸಕಾಲ ವ್ಯಾಪ್ತಿಯ ಸೇವೆಗಳಲ್ಲಿ ಜಿ.ಎಸ್.ಸಿ. ಸಂಖ್ಯೆಯನ್ನು, ಬರೆದಿಟ್ಟುಕೊಳ್ಳತಕ್ಕದ್ದು.
• ಶುಲ್ಕ ಕಡಿತಗೊಂಡು ಸ್ವೀಕೃತಿ ಬಾರದಿದ್ದಲ್ಲಿ ಕೂಡಲೇ ಪುನಃ ಪಾವತಿಸಬಾರದು. ಬ್ಯಾಂಕಿನ ವಹಿವಾಟು ಸಂಖ್ಯೆಯೊಂದಿಗೆ ಪಾವತಿಯ ಸ್ಥಿತಿಯನ್ನು ಮೊದಲು ಪರಿಶೀಲಿಸತಕ್ಕದ್ದು.
• ನಿಗದಿತ ಕೊನೆಯ ದಿನಾಂಕವಿರುವ ಅರ್ಜಿಗಳನ್ನು ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ಸಲ್ಲಿಸುವುದು ಸೂಕ್ತ.