ಮೂರು ವಾಲ್ವುಗಳ ಕತೆ

ಮುಂಬಯಿಗೆ ಬಂದ ಹೊಸತು. ನಮ್ಮ ಚಾಳಿನಲ್ಲಿ ಮದುವೆ ಬ್ಯಾಂಡಿನ ಮಾಮಾ ಒಬ್ಬರಿದ್ದರು. ಒಂದು ಮಧ್ಯಾಹ್ನ ಅವರ ಟ್ರಂಪೆಟ್ಟಿನ ನಡುವಿನ ವಾಲ್ವ್ ಒತ್ತಿದರೆ ಮೇಲೇಳಲಿಲ್ಲ. ಸಂಜೆ ಬಾರಾತ್ ತಪ್ಪಿದರೆ ಅಂದಿನ ಕೂಲಿ ಹೋದಂತೆ. ನಾನು ಉಪ್ಪುಕಾಗದ ಹಿಡಿದು ಓಡಿದೆ. ಉಜ್ಜಿ ಸವೆದರೆ ಗಾಳಿ ಸೋರುತ್ತದೆ ಎಂದು ತಡೆದರು.

ಅದರ ಚರಿತ್ರೆ ಓದಿದ್ದು ಆಮೇಲೆ. ಮೊದಲು ಟ್ರಂಪೆಟ್ ಬರೀ ಕೊಳವೆ, ಹೊರಡುತ್ತಿದ್ದದ್ದು ಕೆಲವೇ ಸ್ವರ. 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಬರ್ಲಿನ್ನಿನಲ್ಲಿ ವಾಲ್ವಿಗೆ ಪೇಟೆಂಟ್ ಪಡೆದರು. 1830ರ ದಶಕದ ಕೊನೆಗೆ ಪ್ಯಾರಿಸ್ಸಿನ ಪೆರಿನೆ ಅದನ್ನು ಸುಧಾರಿಸಿದ. ಗಾಳಿ ಸೋರದಷ್ಟು ಬಿಗಿ ಅದು. ಹಾಗಾಗಿ ಒಣಗಿದ ಎಂಜಲು, ಚೂರು ಧೂಳು ಸಾಕು, ಅಂಟಿಕೊಳ್ಳುತ್ತದೆ.

ಮಾಮಾ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಎರಡು ಹನಿ ವಾಲ್ವ್ ಎಣ್ಣೆ ಬಿಟ್ಟು, 1, 2, 3 ಅಂಕಿ ನೋಡಿ ಆಯಾ ಮನೆಗೇ ಇಳಿಸಿದರು. ಸಂಜೆ ಟ್ರಂಪೆಟ್ ಮೊಳಗಿತು. ಉಪ್ಪುಕಾಗದ ನನ್ನ ಜೇಬಲ್ಲೇ ಉಳಿಯಿತು.