ಕಾಸರಗೋಡಿನ ಗುಡ್ಡದಾರಿ ಮತ್ತು ಜೀಪಿನ ಮುಂಬದಿ ಸ್ಪ್ರಿಂಗು

ಪೆರ್ಲ, ಆದೂರು, ದೇಲಂಪಾಡಿಗಳಿಂದ ಕೊಡಗಿನ ಗಡಿಗೆ ತಾಗಿದ ಪಾಣತ್ತೂರಿನವರೆಗೆ ಹಬ್ಬಿರುವ ಕಾಸರಗೋಡಿನ ಮೂಡಣ ಗುಡ್ಡಗಳಲ್ಲಿ, ಕಳೆದ ಶತಮಾನದ ಉತ್ತರಾರ್ಧದುದ್ದಕ್ಕೂ ತೋಟದ ಅಡಿಕೆಯನ್ನು ಪೇಟೆಗೂ ಪೇಟೆಯ ಗೊಬ್ಬರವನ್ನು ತೋಟಕ್ಕೂ ಮುಟ್ಟಿಸಿದ ವಾಹನಗಳಲ್ಲಿ ಜೀಪು ಮುಖ್ಯವಾದುದು. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ರೂಪುಗೊಂಡ ಈ ಗಾಡಿಯನ್ನು ಮಹೀಂದ್ರ ಸಂಸ್ಥೆ 1947ರ ಸುಮಾರಿಗೆ ಮುಂಬಯಿಯಲ್ಲಿ ಜೋಡಿಸತೊಡಗಿತು. 1953ರಲ್ಲಿ ವಿಲ್ಲಿಸ್ ಕಂಪೆನಿ ಹೊರತಂದ ಸಿಜೆ-3ಬಿ ಮಾದರಿಯ ಪೀಳಿಗೆಯಂತೂ ಅಮೆರಿಕದಲ್ಲಿ ನಿಂತ ಮೇಲೂ ಭಾರತದಲ್ಲಿ ದಶಕಗಳ ಕಾಲ ಮುಂದುವರಿಯಿತು.

ಈ ಗಾಡಿಗಳ ಮುಂಚಕ್ರಗಳೆರಡನ್ನೂ ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ, ಅದರ ಮೇಲಿನ ಭಾರವನ್ನು ಲೀಫ್ ಸ್ಪ್ರಿಂಗುಗಳು, ಅಂದರೆ ಒಂದರ ಮೇಲೊಂದು ಪೇರಿಸಿ ನಡುವೆ ಬೋಲ್ಟಿನಿಂದ ಬಿಗಿದ ಬಾಗಿದ ಉಕ್ಕಿನ ಪ್ಲೇಟುಗಳು, ಹೊರುತ್ತವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ಮಣ್ಣು ಕೊಚ್ಚಿಹೋಗಿ ಮುರಕಲ್ಲು ಎದ್ದ ದಾರಿಗಳಲ್ಲಿ ಈ ಪ್ಲೇಟುಗಳು ಬೇಗನೆ ಚಪ್ಪಟೆಯಾಗುತ್ತಿದ್ದವು. ಹಳೆಯ ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಹೆಚ್ಚು ತೂಕದ ಡೀಸೆಲ್ ಎಂಜಿನ್ ಕೂರಿಸಿದಲ್ಲಿ ಗಾಡಿಯ ಮುಂಭಾಗ ಇನ್ನಷ್ಟು ಕುಗ್ಗುತ್ತಿತ್ತು. ಆದ್ದರಿಂದ ಮುಂಬದಿಯನ್ನು ಎತ್ತರಿಸುವುದು ಇಲ್ಲಿ ಶೋಕಿಯಾಗಿ ಅಲ್ಲ, ಕಳೆದುಹೋದ ಎತ್ತರವನ್ನು ಮರಳಿ ಪಡೆಯುವ ದುರಸ್ತಿಯಾಗಿ ಹುಟ್ಟಿತೆನ್ನುವುದೇ ಸರಿ.

ಪ್ಲೇಟುಗಳನ್ನು ಬಿಚ್ಚಿ ಬಡಿದು ಬಾಗು ಕೊಡುವುದು ಅಥವಾ ಅವುಗಳ ಜತೆಗೆ ಇನ್ನೊಂದು ಪ್ಲೇಟು ಸೇರಿಸುವುದು ಇದರ ಸರಳ ಮಾರ್ಗ. ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಶಾಕಲ್ ಎಂಬ ಕೊಂಡಿಯನ್ನು ಉದ್ದ ಮಾಡಿದರೆ, ಇನ್ನೊಂದು ತುದಿ ಇದ್ದಲ್ಲೇ ಉಳಿಯುವುದರಿಂದ, ಉದ್ದದ ಸುಮಾರು ಅರ್ಧದಷ್ಟೇ ಎತ್ತರ ದಕ್ಕುತ್ತದೆ. ವಿಲ್ಲಿಸ್ ಮಾದರಿಯಲ್ಲಿ ಆಕ್ಸಲಿನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ತಂದರೆ ಹಲವು ಇಂಚು ಒಮ್ಮೆಲೇ ಸಿಗುತ್ತದೆ, ಆದರೆ ಮುಂಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಓರೆಯಾಗಿ, ಬ್ರೇಕ್ ಹೋಸು ಎಳೆದು ನಿಂತು, ಸ್ಟಿಯರಿಂಗ್ ರಾಡಿನ ಕೋನ ಕೆಟ್ಟು, ಪ್ರತಿ ಗುಂಡಿಗೂ ಗಾಡಿ ತಾನಾಗಿ ಪಕ್ಕಕ್ಕೆ ಹೊರಳಲು ನೋಡುತ್ತದೆ.

ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, 2000ದ ತಿದ್ದುಪಡಿಯ ಬಳಿಕ, ನಿಷೇಧಿಸುತ್ತದೆ. ಕೇರಳದಿಂದಲೇ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಾಜ್ಯ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ ಇದನ್ನೇ ದೃಢಪಡಿಸಿತು. ಆದರೂ ಮುರಿದ ಪ್ಲೇಟಿನ ಬದಲಿಗೆ ಹೊಸದನ್ನು ಹಾಕುವುದು ದುರಸ್ತಿ, ಅದರ ಜತೆಗೆ ಇನ್ನೊಂದನ್ನು ಸೇರಿಸುವುದು ಮಾರ್ಪಾಡು ಎಂಬ ಗೆರೆ, ಮೂಲ ಎತ್ತರವೇ ಉಳಿಯದ ಹಳೆಯ ಜೀಪಿನ ಮಟ್ಟಿಗೆ, ಕಾಗದದ ಮೇಲಿರುವಷ್ಟು ಸ್ಪಷ್ಟವಾಗಿ ವರ್ಕ್‌ಶಾಪಿನಲ್ಲಿ ಕಾಣುವುದಿಲ್ಲ.