ಸದಾಶಿವಗಡದ ಗುಡ್ಡ

ಹುಬ್ಬಳ್ಳಿಯವರಿಗೆ ಕಡಲೆಂದೊಡನೆ ನೆನಪಾಗುವ ಊರು ಕಾರವಾರ. ಯಲ್ಲಾಪುರದ ಕಾಡನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಸುಮಾರು 165 ಕಿಲೋಮೀಟರು ಸಾಗಿದರೆ ಅಲ್ಲಿಗೆ ತಲಪಬಹುದು. ಊರಿನ ಉತ್ತರಕ್ಕೆ ಕಾಳೀನದಿಯು ಸಮುದ್ರವನ್ನು ಸೇರುವುದು. ನದಿಯ ಆಚೆಯ ದಡದಲ್ಲಿ ಕಾವಲುಗಾರನಂತೆ ನಿಂತಿರುವ ಗುಡ್ಡವೇ ಸದಾಶಿವಗಡ. ವಿಹಾರಕ್ಕೆ ಬಂದವರು ಇದನ್ನೇರಿ, ದುರ್ಗಾದೇವಿಗೆ ಕೈಮುಗಿದು, ಸೂರ್ಯಾಸ್ತಮಯವನ್ನು ಕಂಡು ಸಂತೋಷದಿಂದ ಹಿಂದಿರುಗುವರು. ಆ ನೋಟ ಮನೋಹರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಕಾಲದಲ್ಲಿ ಆ ನೋಟಕ್ಕಾಗಿಯೇ ರಾಜ್ಯರಾಜ್ಯಗಳು ಕಾದಾಡಿದುವೆಂಬುದನ್ನೂ, ಆ ಕಥೆಯಲ್ಲಿ ನಮ್ಮ ಹುಬ್ಬಳ್ಳಿಯ ಪಾಲು ಉಂಟೆಂಬುದನ್ನೂ ಇಂದು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಗುಡ್ಡದ ನೆತ್ತಿಯಿಂದ ಪಶ್ಚಿಮಕ್ಕೆ ನೋಡಿದರೆ ಕಡಲೂ, ಕೂರ್ಮಗಡ, ದೇವಗಡಗಳೆಂಬ ದ್ವೀಪಗಳೂ ಕಾಣುವುವು. ಪೂರ್ವಕ್ಕೆ ತಿರುಗಿದರೆ ಸಹ್ಯಾದ್ರಿಯ ಕಡೆಯಿಂದ ಇಳಿದು ಬರುವ ನದಿ. ಇಲ್ಲಿ ಕುಳಿತವನ ಕಣ್ಣುತಪ್ಪಿಸಿ ಒಂದು ದೋಣಿಯೂ ಅಳಿವೆಯನ್ನು ಹೊಕ್ಕಲಾರದು. ಆ ದೋಣಿಗಳಲ್ಲಿ ಇದ್ದುದಾದರೂ ಏನು? ಘಟ್ಟದ ಮೆಣಸು, ಬಯಲುಸೀಮೆಯ ಬಟ್ಟೆ. 1638ರಲ್ಲಿ ಇಂಗ್ಲಿಷ್ ವರ್ತಕರು ಕಾರವಾರದಲ್ಲಿ ಕೋಠಿಯನ್ನು ತೆರೆದರು. ಅವರು ಹಡಗಿಗೇರಿಸಿದ ನವುರಾದ ಮಸ್ಲಿನ್ ಬಟ್ಟೆಯನ್ನು ನೆಯ್ದವರಲ್ಲಿ ಹುಬ್ಬಳ್ಳಿಯ ಕಡೆಯ ನೇಕಾರರೂ ಇದ್ದರು.

1715ರ ಸುಮಾರಿನಲ್ಲಿ ಸೋದೆಯ ಅರಸನಾದ ಬಸವಲಿಂಗನು ಇಲ್ಲಿ ಕೋಟೆಯನ್ನು ಕಟ್ಟಿಸಿ, ತನ್ನ ತಂದೆ ಸದಾಶಿವನ ಹೆಸರನ್ನಿಟ್ಟನು. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದರು. 1763ರಲ್ಲಿ ಹೈದರಾಲಿಯ ಸೈನ್ಯ ಬಂದಿತು. ಸೋದೆಯ ಅರಸನು ರಾಜ್ಯವನ್ನು ಕಳೆದುಕೊಂಡು ಗೋವೆಯಲ್ಲಿ ಆಶ್ರಯ ಪಡೆದನು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಈ ಕರಾವಳಿ ಇಂಗ್ಲಿಷರ ಪಾಲಾಯಿತು. ಒಂದು ಶತಮಾನದೊಳಗೆ ಇಷ್ಟು ಕೈಗಳನ್ನು ಕಂಡಿತು ಈ ಚಿಕ್ಕ ಗುಡ್ಡ!

ಆಮೇಲೆ ಹತ್ತಿಯ ಕಾಲ ಬಂದಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ತೊಡಗಲು, ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದಿತು. ಮರುವರ್ಷ ಉತ್ತರ ಕನ್ನಡವನ್ನು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಹತ್ತಿಯ ಬಂಡಿಗಳು ಘಟ್ಟವನ್ನಿಳಿದುವು.

1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದರು. ಬೆಳುದಿಂಗಳಲ್ಲಿ ದೋಣಿಯೇರಿ ಕಾಳಿಯಲ್ಲಿ ಸಾಗಿ, ಶಿವಾಜಿಯದೊಂದು ಗಿರಿದುರ್ಗವನ್ನು ನೋಡಿದುದಾಗಿ ಅವರು ತಮ್ಮ ನೆನಪುಗಳಲ್ಲಿ ಬರೆದಿರುವರು. ಅದು ಸದಾಶಿವಗಡವೇ ಆಗಿದ್ದರೆ, ಕಟ್ಟಿಸಿದವನು ಶಿವಾಜಿಯಲ್ಲ, ಸೋದೆಯ ಕನ್ನಡ ಅರಸು. ಕವಿಯ ನೆನಪಿನಲ್ಲಿಯೂ ಸೋದೆಯ ಹೆಸರು ಉಳಿಯಲಿಲ್ಲವೆಂಬುದು ಯೋಚಿಸತಕ್ಕ ಮಾತು.

1888ರಲ್ಲಿ ಮರ್ಮಗೋವೆಗೆ ರೈಲುಹಾದಿ ಪೂರ್ತಿಯಾಯಿತು. ಹತ್ತಿಯು ಆ ಹಾದಿ ಹಿಡಿಯಿತು. ಹುಬ್ಬಳ್ಳಿ ರೈಲಿನ ಊರಾಗಿ ಬೆಳೆಯಿತು. ಕಾರವಾರದ ಬಂದರು ಸೊರಗಿತು. ಇಂದು ನಾವು ಅಲ್ಲಿ ಅರಸಿಹೋಗುವ ಪ್ರಶಾಂತತೆಯಲ್ಲಿ ಒಂದು ಪಾಲು, ನಮ್ಮ ಊರಿನ ಏಳಿಗೆಗೆ ಅದು ತೆತ್ತ ಬೆಲೆ.

ಈಗ ಅರ್ಗಾದಲ್ಲಿ ನೌಕಾದಳದ ನೆಲೆಯಿದೆ. ಮರಳದಂಡೆಯ ಮೇಲೆ ‘ಚಪಲ’ವೆಂಬ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ನದಿಯ ಹಳೆಯ ಸೇತುವೆಯು 2024ರ ಆಗಸ್ಟ್ 7ರ ರಾತ್ರಿ ಕುಸಿದುಬಿದ್ದಿತು. ಬಳಿಯ ಹೊಸ ಸೇತುವೆ ಉಳಿಯಿತು. ನಾಲ್ಕು ದಶಕಗಳ ಕಾಂಕ್ರೀಟು ಹೀಗಾದರೆ, ಮೂರು ಶತಮಾನಗಳ ಕೋಟೆಗೋಡೆ ಕೇಳುವವರಿಲ್ಲದೆ ಎಷ್ಟು ಕಾಲ ನಿಂತೀತು?

ಮುಂದಿನ ರಜೆಯಲ್ಲಿ ಆ ಗುಡ್ಡವನ್ನೇರಿದಾಗ, ಸೂರ್ಯನು ಮುಳುಗಿದ ಮೇಲೆ ಒಂದು ಗಳಿಗೆ ಪೂರ್ವಕ್ಕೂ ಮುಖ ತಿರುಗಿಸಿರಿ. ಆ ಬೆಟ್ಟಸಾಲಿನ ಆಚೆ ಇರುವುದು ನಮ್ಮ ಊರು. ನಮ್ಮ ಹಿರಿಯರು ನೂತು ನೆಯ್ದುದು ಲೋಕವನ್ನು ಕಂಡದ್ದು ಈ ಬಾಗಿಲಿನಿಂದ.